ತೊಳೆದುಕೊಟ್ಟ ಕಲ್ಲು

ನಮ್ಮ ಹುಳುಮನೆಯ ಬಾಗಿಲಲ್ಲಿ ಒಂದು ನೀಲಿ ಬೇಸಿನ್ ಇದೆ. ಅದರ ತುಂಬ ಬ್ಲೀಚಿಂಗ್ ಪುಡಿಯೂ ಸುಣ್ಣವೂ ಕಲಸಿದ ನೀರು. ರೇಷ್ಮೆ ಹುಳು ಸಾಕುವ ಮನೆಗೆ ಯಾರೇ ಬರಲಿ, ಆ ನೀರಿಗೆ ಕೈ ಅದ್ದಿ, ಪಕ್ಕದಲ್ಲಿ ಅದೇ ನೀರು ಹೀರಿಕೊಂಡು ಬಿದ್ದಿರುವ ಗೋಣಿತಾಟನ್ನು ತುಳಿದು ಒಳಗೆ ಬರಬೇಕು. ಒಮ್ಮೆ ರೇಷ್ಮೆ ಇಲಾಖೆಯ ಸಾಹೇಬರು ಮಾತಾಡುತ್ತಾ ಮರೆತು ಒಳಗೆ ಕಾಲಿಟ್ಟಾಗ ಅವರನ್ನೂ ವಾಪಸು ಕಳಿಸಿ ಕೈ ತೊಳೆಸಿದ್ದೆ. ಅವರು ನಕ್ಕು, ಈ ಊರಲ್ಲಿ ಹುಳು ಕಾಯಿಲೆ ಬೀಳದ ಮನೆ ಇದೊಂದೇ ಯಾಕೆ ಅಂತ ಈಗ ಗೊತ್ತಾಯಿತು ಅಂದಿದ್ದರು. ಆ ಮಾತನ್ನು ಎಷ್ಟೋ ವರ್ಷ ಬಂದವರಿಗೆಲ್ಲ ಹೇಳಿಕೊಂಡೆ. ಈಗ ಹೇಳುವುದಿಲ್ಲ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅಪ್ಪ ತೀರಿಕೊಂಡ ವರ್ಷ ಹುಳು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾಯಿತು. ದೊಡ್ಡವಳು ನಾನು, ನಿಂತೆ. ತಂಗಿ ಓದಿದಳು. ಆಮೇಲೆ ನನ್ನನ್ನು ಗೌರಿಬಿದನೂರಿನ ಕಡೆ, ನಗರಗೆರೆಯ ಹತ್ತಿರ ಕೊಟ್ಟರು. ಮದುವೆಯಾದ ಐದನೇ ವರ್ಷಕ್ಕೆ ಗಂಡ ತೀರಿಹೋದರು. ಮಕ್ಕಳಿರಲಿಲ್ಲ. ಶಿಡ್ಲಘಟ್ಟದ ಹತ್ತಿರದ ಈ ಊರಿಗೆ, ಅಮ್ಮನ ಮನೆಗೆ, ಈ ಬೇಸಿನ್ನಿನ ಹತ್ತಿರಕ್ಕೆ ವಾಪಸು ಬಂದೆ. ಅಷ್ಟು ಹೊತ್ತಿಗೆ ತಂಗಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದಳು. ಮದುವೆ ಬೇಡ ಅಂದಳು. ಹೀಗೆ ಈ ಮನೆಯಲ್ಲಿ ಅಮ್ಮ, ನಾನು, ಅವಳು, ಮೂವರೇ.

ಅವಳದು ದೊಡ್ಡ ಗಂಟಲು. ಚಿಂತಾಮಣಿಯ ಬಸ್‌ಸ್ಟ್ಯಾಂಡಿನಲ್ಲಿ ಟೊಮೇಟೊ ಬಾಕ್ಸು ಹತ್ತಿಸಲು ಬರುವವರ ಜೊತೆ ತೆಲುಗಿನಲ್ಲಿ, ರೇಷ್ಮೆ ನೂಲು ತರುವ ಸಾಬರ ಜೊತೆ ಉರ್ದುವಿನಲ್ಲಿ, ಮೊಬೈಲ್ ನೋಡಿಕೊಂಡು ಬಾಗಿಲಲ್ಲೇ ನಿಲ್ಲುವ ಕಾಲೇಜು ಹುಡುಗಿಯರ ಜೊತೆ ಅವರದೇ ಇಂಗ್ಲಿಷ್ ಬೆರೆಸಿದ ಕನ್ನಡದಲ್ಲಿ ಜಗಳ ಆಡಬಲ್ಲಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ಅವಳ ಕೆಲಸ ಎರಡರಷ್ಟಾಯಿತು. ದುಡ್ಡಿಲ್ಲದಿದ್ದರೂ ಪ್ರತಿ ಹೆಂಗಸಿಗೂ ಟಿಕೆಟ್ ಹರಿಯಬೇಕು. ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ಮಧ್ಯಾಹ್ನ ಎರಡೂವರೆಯವರೆಗೆ ಅವಳಿಗೆ ಮೂತ್ರಕ್ಕೆ ಹೋಗಲು ಜಾಗವಿರಲಿಲ್ಲ. ಇರುವ ಕಡೆ ಹೊತ್ತು ಇರುತ್ತಿರಲಿಲ್ಲ, ಹೊತ್ತು ಸಿಕ್ಕಿದ ಕಡೆ ಬಾಗಿಲಿಗೆ ಚಿಲಕ ಇರುತ್ತಿರಲಿಲ್ಲ. ಡ್ರೈವರಣ್ಣ ಗೋಡೆ ನೋಡಿಕೊಂಡು ನಿಂತರೆ ಆಯಿತು, ನಾನೆಲ್ಲಿ ನಿಂತುಕೊಳ್ಳಲಿ ಅಂತ ನಗುತ್ತಲೇ ಹೇಳುತ್ತಿದ್ದಳು. ಅದಕ್ಕೆ ಅವಳು ಕಂಡುಕೊಂಡ ಉಪಾಯ, ನೀರು ಕುಡಿಯದೆ ಇರುವುದು. ನಾನು ತುಂಬಿಸಿ ಕೊಟ್ಟ ಬಾಟಲಿ ಎಷ್ಟೋ ದಿನ ಹಾಗೇ ವಾಪಸು ಬರುತ್ತಿತ್ತು.

ಮೊದಲು ಉರಿ ಅಂದಳು. ಆಮೇಲೆ ಚಳಿಜ್ವರ. ಮೆಡಿಕಲ್ ಸ್ಟೋರಿನಲ್ಲಿ ಹೇಳಿ ಮಾತ್ರೆ ತರುವುದು, ಮೂರು ದಿನ ನುಂಗುವುದು, ಕಡಿಮೆಯಾಯಿತು ಅಂತ ಬಿಡುವುದು. ತಿಂಗಳು ಬಿಟ್ಟು ಮತ್ತೆ ಅದೇ. ಅಮ್ಮ ಹುರುಳಿ ಕಟ್ಟು ಕುಡಿಸಿದಳು, ಬಾಳೆದಿಂಡಿನ ರಸ ಕುಡಿಸಿದಳು. ಮೂರು ವರ್ಷ ಹೀಗೇ ಕಳೆಯಿತು. ಕೊನೆಗೆ ಒಂದು ದಿನ ಬಸ್ಸಿನಲ್ಲೇ ಸೊಂಟ ಹಿಡಿದು ಕುಸಿದಳಂತೆ. ಪ್ರಯಾಣಿಕರೇ ಚಿಂತಾಮಣಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು.

ಅಲ್ಲಿ ಬೆಂಗಳೂರಿನಿಂದ ವಾರಕ್ಕೆರಡು ದಿನ ಬರುವ ಮೂತ್ರಕೋಶದ ಡಾಕ್ಟರು ನೋಡಿದರು. ಸ್ಕ್ಯಾನಿನಲ್ಲಿ ಬಲಗಡೆಯ ಕಿಡ್ನಿ ತುಂಬ ಕಲ್ಲು. ಎಡಗಡೆಯದು ಹುಟ್ಟಿನಿಂದಲೇ ಚಿಕ್ಕದಂತೆ, ಅದರಲ್ಲೂ ಒಂದಿಷ್ಟು ಕಲ್ಲು. ಹಾಗಾಗಿ ಬಲಗಡೆಯದೇ ಅವಳಿಗೆ ಆಧಾರ, ಅದನ್ನು ಉಳಿಸಿಕೊಳ್ಳಬೇಕು ಅಂದರು. ಒಂದೇ ಸಲಕ್ಕೆ ಎಲ್ಲ ಕಲ್ಲು ಬರುವುದಿಲ್ಲ, ಬೆನ್ನಿನಿಂದ ಸಣ್ಣ ತೂತು ಮಾಡಿ ಎರಡು ಸಲ ತೆಗೆಯಬೇಕು ಅಂದರು.

ಅವರು ಇನ್ನೊಂದು ಮಾತು ಹೇಳಿದರು. ನಾನು ಬರೆಯಬೇಕಾಗಿರುವುದು ಆ ಮಾತಿಗೋಸ್ಕರ. ಚೀಟಿಯ ಹಿಂದೆ ಕಿಡ್ನಿಯ ಚಿತ್ರ ಬರೆದು, ಅದರೊಳಗೆ ಕಲ್ಲು ಬರೆದು, ಕಲ್ಲಿನ ಒಳಗೆ ಪೆನ್ನಿನಿಂದ ಚುಕ್ಕೆ ಇಟ್ಟರು. ಈ ಜಾತಿಯ ಕಲ್ಲು ಕ್ರಿಮಿಗಳಿಂದಲೇ ಕಟ್ಟುವುದು, ಕ್ರಿಮಿ ಕಲ್ಲಿನ ಒಳಗೇ ಮನೆ ಮಾಡಿಕೊಂಡಿರುತ್ತದೆ. ಮೂತ್ರ ಪರೀಕ್ಷೆ ಮಾಡಿದರೆ ಏನೂ ಇಲ್ಲ ಅಂತ ಬರಬಹುದು, ಕಲ್ಲಿನಲ್ಲಿ ಮಾತ್ರ ಇರುತ್ತದೆ. ಕಲ್ಲು ಒಡೆದಾಗ ಅದು ಹೊರಗೆ ಬಂದು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಬರುತ್ತದೆ. ಅದಕ್ಕೇ ತೆಗೆದ ಕಲ್ಲಿನ ಒಂದು ಚೂರನ್ನು ಲ್ಯಾಬಿಗೆ ಕಳಿಸಿ, ಅದರಲ್ಲಿ ಯಾವ ಕ್ರಿಮಿ ಬೆಳೆಯುತ್ತದೆ, ಅದು ಯಾವ ಔಷಧಿಗೆ ಸಾಯುತ್ತದೆ ಅಂತ ನೋಡಬೇಕು. ಎರಡನೇ ಸಲ ಕಲ್ಲು ತೆಗೆಯುವ ಮೊದಲು ಆ ಔಷಧಿಯನ್ನೇ ಕೊಡಬಹುದು.

ಹೆಚ್ಚು ಓದಿಲ್ಲದವಳು, ಅರ್ಥವಾಗಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ. ಅರ್ಥವಾಗಿತ್ತು. ರೇಷ್ಮೆ ಮೊಟ್ಟೆ ಮಾಡುವ ಕಡೆ, ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಕ್ರಿಮಿ ಕಾಣಿಸುವ ಯಂತ್ರದ ಕೆಳಗೆ ಇಟ್ಟು ನೋಡುತ್ತಾರೆ. ಮೊಟ್ಟೆ ಹೊರಗಿನಿಂದ ಎಷ್ಟು ಚೆನ್ನಾಗಿದ್ದರೂ ತಾಯಿಯ ಹೊಟ್ಟೆಯಲ್ಲಿ ಗಂಟುರೋಗ ಇದ್ದರೆ ಆ ಮೊಟ್ಟೆಯನ್ನೆಲ್ಲ ಸುಡುತ್ತಾರೆ. ನಾನು ಡಾಕ್ಟರಿಗೆ ಅದನ್ನೇ ಹೇಳಿದೆ. ಅವರು ಖುಷಿಪಟ್ಟು ಪಕ್ಕದಲ್ಲಿದ್ದ ನರ್ಸಿಗೆ, ನೋಡಿ, ಇವರಿಗೆ ನಾನು ಹೇಳಿಕೊಡಬೇಕಾಗಿಯೇ ಇಲ್ಲ ಅಂದರು. ತಂಗಿ ಮಂಚದ ಮೇಲಿಂದ, ನಮ್ಮಕ್ಕ ಹುಳುವಿನ ಡಾಕ್ಟರು ಸಾರ್ ಅಂದಳು.

ಮೊದಲ ಆಪರೇಷನ್ ಆದದ್ದು ಒಂದು ಶನಿವಾರ. ಕ್ರಿಮಿ ಪರೀಕ್ಷೆ ಮಾಡುವ ಲ್ಯಾಬು ಚಿಕ್ಕಬಳ್ಳಾಪುರದಲ್ಲಿತ್ತು. ಬೇರೆ ದಿನವಾದರೆ ಲ್ಯಾಬಿನವನೇ ಬೈಕಿನಲ್ಲಿ ಬಂದು ತೆಗೆದುಕೊಂಡು ಹೋಗುತ್ತಿದ್ದ. ಅವತ್ತು ಬಂದು ಹೋಗಿಬಿಟ್ಟಿದ್ದ, ಭಾನುವಾರ ಲ್ಯಾಬು ತೆರೆದಿದ್ದರೂ ಅವನು ಬರುತ್ತಿರಲಿಲ್ಲ, ಇನ್ನು ಸೋಮವಾರವೇ. ಅಲ್ಲಿಯವರೆಗೆ ಇಡುವುದು ಸರಿಯಲ್ಲ ಅಂತ ಡಾಕ್ಟರು ಯೋಚಿಸುತ್ತಿದ್ದಾಗ ನಾನೇ ಮುಂದೆ ಬಂದೆ. ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ಕೊನೆಯ ಪೊರೆ ಬಿಟ್ಟು ಹಗಲೂ ಇರುಳೂ ಸೊಪ್ಪು ತಿನ್ನುವ ಹೊತ್ತು. ಅಮ್ಮನೊಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ನಾನು ಹೇಗೂ ಊರಿಗೆ ಹೋಗಬೇಕಿತ್ತು. ನಮ್ಮೂರು ಚಿಂತಾಮಣಿಗೂ ಚಿಕ್ಕಬಳ್ಳಾಪುರಕ್ಕೂ ನಡುವೆ. ರಾತ್ರಿ ಮನೆಯಲ್ಲಿಟ್ಟುಕೊಂಡು ಭಾನುವಾರ ಬೆಳಗ್ಗೆ ಲ್ಯಾಬು ತೆಗೆಯುವ ಹೊತ್ತಿಗೆ ಕೊಟ್ಟು ಬರುತ್ತೇನೆ ಅಂದೆ. ತಂಗಿಯ ಹತ್ತಿರ ದೊಡ್ಡಪ್ಪನ ಸೊಸೆಯನ್ನು ಬಿಟ್ಟೆ.

ನರ್ಸು ಕೆಂಪು ಮುಚ್ಚಳದ ಸಣ್ಣ ಬಾಟಲಿ ತಂದುಕೊಟ್ಟರು. ಒಳಗೆ ಒಂದಿಷ್ಟು ನೀರು, ಅದರಲ್ಲಿ ಹುಣಸೆ ಬೀಜದಷ್ಟು ದೊಡ್ಡ ಒಂದು ಚೂರು, ಸುಣ್ಣದ ಬಣ್ಣ, ಒಂದು ಕಡೆ ರಕ್ತ ಹತ್ತಿದ ಹಾಗೆ. ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಚೀಟಿ ಪಿನ್ ಮಾಡಿ ಹೇಳಿದರು: "ಅಕ್ಕ, ಫ್ರಿಜ್ಜಲ್ಲಿಡಿ. ಮುಚ್ಚಳ ಮಾತ್ರ ತೆಗೀಬೇಡಿ. ಯಾರ್ ಕೇಳಿದ್ರೂ ತೆಗೀಬೇಡಿ."

ಆಯ್ತಮ್ಮ ಅಂದೆ. ಆಕೆಗೆ ಇಪ್ಪತ್ತೈದೂ ಇರಲಿಲ್ಲ. ಆಂಧ್ರದ ಗಡಿಯ ಕಡೆಯವರು, ಮಾತಿನಲ್ಲಿ ತೆಲುಗು ರಾಗ. ಹಿಂದಿನ ದಿನ ತಂಗಿ ಹೆದರಿ ಅಳುತ್ತಿದ್ದಾಗ ತಲೆ ಬಾಚಿ ಜಡೆ ಹಾಕಿದ್ದು ಆಕೆಯೇ.

ನಾನು ಮನೆ ಮುಟ್ಟಿದಾಗ ಸಂಜೆ ಆರು. ಸೊಪ್ಪು ಬಿಡಿಸಲು ಬಂದಿದ್ದ ಪಕ್ಕದ ಮನೆಯ ಮೂವರು ಹೆಂಗಸರು ಅಮ್ಮನ ಜೊತೆ ಜಗಲಿಯ ಮೇಲೆ ಕೂತಿದ್ದರು. ಆಪರೇಷನ್ ಚೆನ್ನಾಗಿ ಆಯಿತು, ಮಾತಾಡಿದಳು, ಇಡ್ಲಿ ತಿಂದಳು ಅಂತೆಲ್ಲ ಹೇಳಿದೆ. ಮಾತಿನ ಮಧ್ಯೆ ಬಾಯಿ ತಪ್ಪಿ, ಫ್ರಿಜ್ಜಿನಲ್ಲಿ ಇಡಬೇಕು, ಕಲ್ಲಿನ ಚೂರು ಕೊಟ್ಟಿದ್ದಾರೆ ಅಂದೆ.

ನಮ್ಮ ಕಡೆ ಯಾರಿಗಾದರೂ ಕಲ್ಲು ಬಿದ್ದರೆ ಅದನ್ನು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಇಟ್ಟುಕೊಳ್ಳುತ್ತಾರೆ. ನೋಡಲು ಬಂದವರು ಎಳನೀರು ಕೊಟ್ಟು, ಮೊದಲು ಕೇಳುವುದೇ ಅದನ್ನು. ಪೊಟ್ಟಣ ಕೈಯಿಂದ ಕೈಗೆ ಹೋಗುತ್ತದೆ. ಇಷ್ಟು ದೊಡ್ಡದಾ, ಹೇಗೆ ತಡೆದುಕೊಂಡೆ ಅನ್ನುತ್ತಾರೆ. ನೋವು ತಿಂದವರಿಗೆ ಅದರಲ್ಲಿ ಒಂದು ಸಮಾಧಾನವಿದೆ. ಅಮ್ಮ ಕೈ ಚಾಚಿದಳು. ನಾನು ಆಗುವುದಿಲ್ಲ, ತೆಗೆಯಬಾರದು ಅಂದಿದ್ದಾರೆ ಅಂದೆ.

ಅಮ್ಮ ಹೇಳಿದಳು: "ಮೂರು ವರ್ಷ ನನ್ ಮಗಳನ್ನ ತಿಂದಿದ್ದು ಏನು ಅಂತ ನಾನು ನೋಡಬಾರದೇನೇ? ಹೆತ್ತೋಳು ಕಣೇ ನಾನು."

ಅಮ್ಮನ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಅವಳಿಗೆ ಆ ಬಾಟಲಿ ಏನು ಅಂತ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮುಚ್ಚಳ ತಿರುಗಿಸಿದ್ದು ನನ್ನ ಕೈ.

ಕಲ್ಲನ್ನು ಅಮ್ಮನ ಅಂಗೈಗೆ ಹಾಕಿದೆ. ಅವಳು ಕಣ್ಣಿನ ಹತ್ತಿರ ಹಿಡಿದು ನೋಡಿ ಅತ್ತಳು. ಅಲ್ಲಿಂದ ಅದು ಆ ಮೂವರು ಹೆಂಗಸರಲ್ಲಿ ಒಬ್ಬಳ ಕೈಗೆ ಹೋಯಿತು. ಆಕೆ ಎಲ್ಲದಕ್ಕೂ ತಮಾಷೆ ಮಾಡುವವಳು. "ಟಿಕೆಟ್ ತಗೊಳ್ದೆ ಇಷ್ಟ್ ವರ್ಷ ಕೂತಿತ್ತಲ್ಲಮ್ಮ, ಕಂಡಕ್ಟರಮ್ಮನ್ ಹೊಟ್ಟೇಲೇ" ಅಂದಳು. ಇನ್ನೊಬ್ಬಳು, "ಹೆಂಗಸ್ರಿಗೆ ಫ್ರೀ ಅಲ್ವಾ, ಅದಕ್ಕೇ" ಅಂದಳು. ಅಮ್ಮನಿಗೂ ಅಳುವಿನ ನಡುವೆ ನಗು ಬಂತು. ನಾನೂ ನಕ್ಕೆ. ಮೂರನೆಯವಳು, ಇಂತೇನಾ, ಇಷ್ಟೇನಾ ಅಂತ ಉಗುರಿನಿಂದ ಕೆರೆದು ನೋಡುತ್ತಿದ್ದಾಗ ಜಾರಿ ಜಗಲಿಯ ಕೆಳಗೆ ಬಿತ್ತು. ಅಲ್ಲಿ ಸೊಪ್ಪಿನ ಕಸ, ಹುಳುವಿನ ಹಿಕ್ಕೆ, ಕೋಳಿ ಕೆದರಿದ ಮಣ್ಣು. ಹುಡುಕಿ ಎತ್ತಿಕೊಂಡೆ.

ಆಗ ನನಗೆ ಹೆದರಿಕೆ ಹತ್ತಿತು. ನಾಲ್ಕು ಜನರ ಕೈ ಮುಟ್ಟಿದೆ, ನೆಲಕ್ಕೆ ಬಿದ್ದಿದೆ. ಇಂಥದ್ದನ್ನು ಹೇಗೆ ಕೊಡುವುದು ಅನ್ನಿಸಿತು. ನಮ್ಮ ಕೆಲಸದಲ್ಲಿ ಹೊರಗಿನವರು ಮುಟ್ಟಿದ ತಟ್ಟೆ ಇರಲಿ, ಹುಳು ಗೂಡು ಕಟ್ಟುವ ಚಂದ್ರಿಕೆ ಇರಲಿ, ಚಾಕು ಇರಲಿ, ಒಳಗೆ ಬರುವ ಮೊದಲು ಮಾಡುವುದು ಒಂದೇ ಕೆಲಸ. ನಾನು ಯೋಚಿಸಲಿಲ್ಲ ಅಂತಲೂ ಹೇಳಲಾರೆ. ಯೋಚಿಸಿದೆ, ಹೀಗೇ ಯೋಚಿಸಿದೆ: ಕೊಳೆ ಹೋದರೆ ಕಲ್ಲು ಮೊದಲಿನ ಹಾಗೆ ಆಗುತ್ತದೆ.

ಹುಳುಮನೆಯ ಬಾಗಿಲಿಗೆ ಹೋಗಿ ಕಲ್ಲನ್ನು ಬೇಸಿನ್ನಿನ ನೀರಿಗೆ ಅದ್ದಿದೆ. ಮೂರು ಸಲ ಅದ್ದಿ ಬೆರಳಿನಿಂದ ಉಜ್ಜಿದೆ. ಸಂದಿನಲ್ಲಿದ್ದ ಮಣ್ಣು ಬಿಡಲಿಲ್ಲ ಅಂತ ಒಂದಷ್ಟು ಹೊತ್ತು ನೀರಿನಲ್ಲೇ ಬಿಟ್ಟು, ಹುಳುವಿಗೆ ಒಂದು ಸಲ ಸೊಪ್ಪು ಹಾಕಿ ಬಂದೆ. ಬಾಟಲಿಯಲ್ಲಿದ್ದ ನೀರು ಮಾಸಲಾಗಿ ಕಂಡಿತು, ಅದನ್ನೂ ಚೆಲ್ಲಿ ಅದೇ ನೀರಿನಲ್ಲಿ ಬಾಟಲಿ ತೊಳೆದು, ಕುಡಿಯುವ ಫಿಲ್ಟರ್ ನೀರು ತುಂಬಿದೆ. ಕಲ್ಲು ಈಗ ಬೆಳ್ಳಗೆ ಹೊಳೆಯುತ್ತಿತ್ತು. ರಕ್ತದ ಕಲೆಯೂ ಇರಲಿಲ್ಲ. ನರ್ಸು ಕೊಟ್ಟದ್ದಕ್ಕಿಂತ ಚೊಕ್ಕಟವಾಗಿದೆ ಅನ್ನಿಸಿ ಮನಸ್ಸಿಗೆ ನಿರಾಳವಾಯಿತು. ಬಾಟಲಿಯನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟೆ.

ಬೆಳಗ್ಗೆ ಚಿಕ್ಕಬಳ್ಳಾಪುರದ ಲ್ಯಾಬಿನಲ್ಲಿ ಕೂತಿದ್ದ ಹುಡುಗಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಓಪನ್ ಮಾಡಿದ್ರಾ ಅಂತ ಕೇಳಿದಳು. ಇಲ್ಲ ಅಂದೆ. ಅಷ್ಟು ಸಲೀಸಾಗಿ ಬಂತು ಆ ಮಾತು.

ನಾಲ್ಕನೇ ದಿನ ರಿಪೋರ್ಟು ಬಂತು. ಏನೂ ಬೆಳೆದಿಲ್ಲ. ನನಗೆ ಅದು ಒಳ್ಳೆಯ ಸುದ್ದಿಯಾಗಿ ಕೇಳಿಸಿತು. ಅಮ್ಮನಿಗೆ ಫೋನ್ ಮಾಡಿ, ಕ್ರಿಮಿ ಇಲ್ಲವಂತೆ ಅಂದೆ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಡಾಕ್ಟರು ಮಾತ್ರ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೂತ್ರದಲ್ಲಿ ಇಲ್ಲದಿರಬಹುದು, ಇಂಥ ಕಲ್ಲಿನಲ್ಲಿ ಏನಾದರೂ ಬೆಳೆಯಲೇಬೇಕಿತ್ತು ಅಂದರು. ನನ್ನ ಕಡೆ ತಿರುಗಿದರು.

"ಬಾಟಲಿ ಹಾಗೇ ಕೊಟ್ರಿ ಅಲ್ವಮ್ಮ? ತೆಗೀಲಿಲ್ಲ ತಾನೆ?"

ನರ್ಸು ಅಲ್ಲೇ ನಿಂತಿದ್ದರು. ತಂಗಿ ದಿಂಬಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಹುಳುವಿನ ಡಾಕ್ಟರು ಅಂದವಳು. ಎಲ್ಲರ ಮುಂದೆ, ನೆಲಕ್ಕೆ ಬೀಳಿಸಿದೆ, ತೊಳೆದೆ ಅಂತ ಹೇಳಲು ನಾಚಿಕೆಯಾಯಿತು. ತೊಳೆದದ್ದರಿಂದಲೇ ಹೀಗಾಗಿರಬಹುದು ಅಂತ ಆ ಕ್ಷಣ ನನಗೆ ಹೊಳೆಯಲಿಲ್ಲ ಅಂತ ಬರೆದರೆ ಸುಳ್ಳು. ಹೊಳೆಯಿತು. ಆ ನೀರಿಗೆ ಹುಳುವಿನ ಕಾಯಿಲೆ ಸಾಯುತ್ತದೆ ಅಂದಮೇಲೆ ಕಲ್ಲಿನದು ಸಾಯದೆ ಇರುತ್ತದೆಯೇ. ಆದರೂ ತಲೆ ಅಲ್ಲಾಡಿಸಿದೆ. ಇಲ್ಲ ಸಾರ್, ಕೊಟ್ಟ ಹಾಗೇ ಕೊಟ್ಟೆ ಅಂದೆ.

ಅವತ್ತು ಹೇಳಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದರು, ಅಷ್ಟೆ. ಆಪರೇಷನ್ ಆದಮೇಲೆ ಬೆನ್ನಿನ ತೂತಿಗೆ ಹಾಕಿದ್ದ ನಳಿಕೆಯಿಂದ ಇನ್ನೂ ಕಲ್ಲಿನ ಪುಡಿ ಬರುತ್ತಿತ್ತು. ಅದನ್ನೇ ಇನ್ನೊಂದು ಬಾಟಲಿಗೆ ಹಿಡಿಯಬಹುದಿತ್ತು. ಇದು ನನಗೆ ಆಮೇಲೆ ಗೊತ್ತಾದದ್ದು.

ಮೂರು ವಾರ ಬಿಟ್ಟು ಎರಡನೇ ಸಲ ಕಲ್ಲು ತೆಗೆದರು. ಮೂತ್ರದಲ್ಲೂ ಇಲ್ಲ, ಕಲ್ಲಿನಲ್ಲೂ ಇಲ್ಲ ಅಂತ ಕಾಗದ ಹೇಳುತ್ತಿದ್ದದ್ದರಿಂದ ಎಲ್ಲರಿಗೂ ಕೊಡುವ ಔಷಧಿಯನ್ನೇ ಕೊಟ್ಟರು. ಮಾರನೇ ದಿನ ಮಧ್ಯಾಹ್ನ ತಂಗಿಗೆ ಚಳಿ ಶುರುವಾಯಿತು. ಮಂಚ ಅಲ್ಲಾಡುವಂಥ ಚಳಿ. ಎರಡು ಕಂಬಳಿ ಹೊದಿಸಿ ನಾನು ಅವಳ ಕಾಲ ಮೇಲೆ ಕೂತೆ. ಸಂಜೆಯ ಹೊತ್ತಿಗೆ ಮಾತು ತೊದಲಿತು, ಬಸ್ಸಿನಲ್ಲಿದ್ದೇನೆ ಅಂದುಕೊಂಡು ಒಳಗೆ ಹೋಗಿ, ಒಳಗೆ ಹೋಗಿ ಅನ್ನುತ್ತಿದ್ದಳು. ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಒಯ್ದೆವು.

ಹತ್ತೊಂಬತ್ತು ದಿನ ಅವಳನ್ನು ಗಾಜಿನ ಆಚೆಯಿಂದ ನೋಡಿದೆ. ರಕ್ತದಲ್ಲಿ ಬೆಳೆದ ಕ್ರಿಮಿ, ಎರಡನೇ ಸಲ ತೆಗೆದ ಕಲ್ಲಿನ ಚೂರಿನಲ್ಲಿ ಬೆಳೆದ ಕ್ರಿಮಿ, ಎರಡೂ ಒಂದೇ. ಚಿಂತಾಮಣಿಯಲ್ಲಿ ಕೊಟ್ಟ ಔಷಧಿ ಅದಕ್ಕೆ ನಾಟುವಂಥದ್ದೇ ಅಲ್ಲವಂತೆ. ಬೇರೆ ಔಷಧಿ ಇತ್ತು, ಅದನ್ನು ಕೊಡುವ ಹೊತ್ತಿಗೆ ತಡವಾಗಿತ್ತು. ಅವಳ ಪ್ರಾಣ ಉಳಿಯಿತು. ಬಲಗಡೆಯ ಕಿಡ್ನಿ ಕೀವಾಗಿ ತೆಗೆದು ಹಾಕಿದರು. ಎಡಗಡೆಯ ಚಿಕ್ಕದು ಕೆಲಸ ಮಾಡುವುದನ್ನು ಹೆಚ್ಚು ಕಡಿಮೆ ನಿಲ್ಲಿಸಿತು. ಅಲ್ಲಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್.

ಬೆಂಗಳೂರಿನ ಡಾಕ್ಟರು ಹಳೆಯ ಕಾಗದಗಳನ್ನು ನೋಡಿ, ಮೊದಲನೇ ಕಲ್ಲಿನಲ್ಲಿ ಕ್ರಿಮಿ ಇರಲಿಲ್ಲವಲ್ಲ, ಹಾಗಾದರೆ ಇದು ಎರಡನೇ ಆಪರೇಷನ್ನಿನಲ್ಲಿ ಹೊರಗಿನಿಂದ ಸೇರಿಕೊಂಡಿರಬಹುದು ಅಂದರು. ಆ ಮಾತನ್ನು ನಮ್ಮ ದೊಡ್ಡಪ್ಪನ ಮಗ ಹಿಡಿದುಕೊಂಡ. ನಾಲ್ಕು ಜನರನ್ನು ಕರೆದುಕೊಂಡು ಚಿಂತಾಮಣಿಯ ಆಸ್ಪತ್ರೆಗೆ ಹೋಗಿ ಕೂಗಾಡಿದ. ನನ್ನನ್ನೂ ಕರೆದುಕೊಂಡು ಹೋಗಿದ್ದ. ಡಾಕ್ಟರು ಅವತ್ತು ಇರಲಿಲ್ಲ. ಸಿಕ್ಕಿದವರು ಆ ನರ್ಸು. ಆಪರೇಷನ್ನಿನ ಸಾಮಾನು ಸರಿಯಾಗಿ ತೊಳೆಯದೆ ನಮ್ಮ ಹುಡುಗಿಯ ಜೀವನ ಹಾಳು ಮಾಡಿದಿರಿ, ನಿಮಗೆ ಅಕ್ಕ ತಂಗಿ ಇಲ್ಲವಾ ಅಂದ. ಆಕೆ ಗೋಡೆಗೆ ಒರಗಿ ನಿಂತು, ಎಲ್ಲ ತೊಳೆದೇ ಇಟ್ಟಿದ್ದು ಸಾರ್, ನಾನೇ ಇಟ್ಟಿದ್ದು ಅಂತ ಮತ್ತೆ ಮತ್ತೆ ಹೇಳಿದರು. ಆಮೇಲೆ ಅವನನ್ನು ಬಿಟ್ಟು ನನ್ನ ಕಡೆ ನೋಡಿದರು. "ಅಕ್ಕ, ನೀವಾದ್ರೂ ಹೇಳಿ" ಅಂದರು.

ನಾನು ನೆಲ ನೋಡಿದೆ.

ಮುಂದಿನ ಸಲ ಕಾಗದ ತರಲು ಹೋದಾಗ ಆಕೆ ಅಲ್ಲಿರಲಿಲ್ಲ. ಬಿಟ್ಟುಹೋದರೋ, ಬಿಡಿಸಿದರೋ ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತಿತ್ತು.

ನನ್ನ ಕಿಡ್ನಿ ಕೊಡುತ್ತೇನೆ ಅಂದೆ. ತಂಗಿ ಬೇಡ ಅಂತ ಅತ್ತಳು, ಅಮ್ಮ ಇಬ್ಬರನ್ನೂ ಕಳೆದುಕೊಳ್ಳುತ್ತೇನೆ ಅಂದಳು. ನಾನು ಹಟ ಹಿಡಿದು ಪರೀಕ್ಷೆಗೆ ಹೋದೆ. ನನಗೆ ಸಕ್ಕರೆ ಕಾಯಿಲೆ ಇದೆ, ಎಷ್ಟು ವರ್ಷದಿಂದ ಇದೆಯೋ, ನಿಮ್ಮದು ಆಗುವುದಿಲ್ಲ ಅಂದರು. ಅಮ್ಮನಿಗೆ ಎಪ್ಪತ್ತು ದಾಟಿದೆ. ಕಿಡ್ನಿಗೆ ಕಾಯುವವರ ಸರ್ಕಾರದ ಪಟ್ಟಿಯಲ್ಲಿ ತಂಗಿಯ ಹೆಸರು ಬರೆಸಿದ್ದೇವೆ. ಆ ಪಟ್ಟಿಯ ಬಗ್ಗೆ ಈಗ ಯಾರೂ ಮಾತಾಡುವುದಿಲ್ಲ.

ತಂಗಿ ಕೆಲಸಕ್ಕೆ ಹೋಗುವುದು ನಿಂತಿತು. ಖಾಕಿ ಅಂಗಿಯನ್ನು ಇಸ್ತ್ರಿ ಮಾಡಿಸಿ ಬೀರುವಿನಲ್ಲಿ ಇಟ್ಟಿದ್ದಾಳೆ. ವಾರಕ್ಕೆ ಮೂರು ದಿನ ನಾವಿಬ್ಬರೂ ಬೆಳಗಿನ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿಬರುತ್ತಿದ್ದೆವು. ಯಾವ ಬಸ್ಸು ಹತ್ತಿದರೂ ಕಂಡಕ್ಟರ್ ಅವಳ ಗುರುತಿನವರೇ. ಮೇಡಂ ಬನ್ನಿ ಅಂತ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದರು. ಅವಳು ಎರಡು ಬೆರಳೆತ್ತಿ, "ಎರಡು ಚಿಕ್ಕಬಳ್ಳಾಪುರ" ಅನ್ನುತ್ತಿದ್ದಳು. ಪುಕ್ಕಟೆ ಟಿಕೆಟ್ಟನ್ನು ಮಡಿಸಿ ಒಂದನ್ನು ನನ್ನ ಕೈಗೆ ಕೊಡುತ್ತಿದ್ದಳು. ದಾರಿಯಲ್ಲಿ ಪಕ್ಕದವರು ಕೇಳಿದರೆ, ನಮ್ಮಕ್ಕ ಇಲ್ಲದಿದ್ದರೆ ನಾನು ಯಾವತ್ತೋ ಹೋಗಿರುತ್ತಿದ್ದೆ, ಎಷ್ಟು ಚೊಕ್ಕಟ ಗೊತ್ತಾ, ನನ್ನ ತಟ್ಟೆ ಲೋಟ ಕೂಡ ಬೇರೆ ನೀರಲ್ಲಿ ತೊಳೆಯುತ್ತಾಳೆ ಅನ್ನುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ.

ಒಂದೂವರೆ ವರ್ಷ ಹೀಗೆ ನಡೆಯಿತು. ಎಷ್ಟೋ ಸಲ ಹೇಳಬೇಕು ಅಂದುಕೊಂಡೆ. ಹೇಳಿದರೆ ಅವಳ ಕಿಡ್ನಿ ವಾಪಸು ಬರುತ್ತದೆಯೇ ಅಂತ ನನಗೆ ನಾನೇ ಕೇಳಿಕೊಂಡು ಸುಮ್ಮನಾಗುತ್ತಿದ್ದೆ. ಕಲ್ಲನ್ನು ತೊಳೆಯದೆ ಕೊಟ್ಟಿದ್ದರೂ ಹೀಗೇ ಆಗುತ್ತಿತ್ತೇನೋ, ಸರಿಯಾದ ಔಷಧಿ ತೆಗೆದುಕೊಂಡವರಿಗೂ ಜ್ವರ ಬರುವುದುಂಟು ಅಂತ ಒಬ್ಬ ಡಾಕ್ಟರು ಬೇರೆ ಯಾರಿಗೋ ಹೇಳುವುದನ್ನು ಕೇಳಿದ್ದೇನೆ. ಆ ಮಾತನ್ನು ಹಿಡಿದುಕೊಂಡು ಎರಡು ದಿನ ನಿದ್ದೆ ಮಾಡಿದೆ. ಮೂರನೇ ದಿನ ಅದು ಉಳಿಯಲಿಲ್ಲ.

ಕಳೆದ ಚಳಿಗಾಲದಲ್ಲಿ ಅವಳಿಗೆ ಮತ್ತೆ ಜ್ವರ ಶುರುವಾಯಿತು. ಎಡಗಡೆಯ ಕಿಡ್ನಿಯಿಂದ ಮೂತ್ರ ಇಳಿಯಲಿ ಅಂತ ಒಳಗೆ ಒಂದು ಸಣ್ಣ ನಳಿಕೆ ಇಟ್ಟಿದ್ದರು. ಅದನ್ನು ಬದಲಾಯಿಸಬೇಕು ಅಂತ ಚಿಕ್ಕಬಳ್ಳಾಪುರದಲ್ಲೇ ಒಬ್ಬ ಡಾಕ್ಟರು ಹೊರಗೆಳೆದರು. ನಳಿಕೆಯ ತುದಿಗೆ ಕಲ್ಲು ಕಟ್ಟಿತ್ತು, ಹಲ್ಲಿಗೆ ಪಾಚಿ ಕಟ್ಟಿದ ಹಾಗೆ. ಡಾಕ್ಟರು ಅದನ್ನು ಚಿಮಟಿಗೆಯಿಂದ ಮುರಿದು ಬಾಟಲಿಗೆ ಹಾಕಿದರು. ಅದೇ ಅಳತೆಯ ಬಾಟಲಿ, ಮುಚ್ಚಳ ಮಾತ್ರ ಬಿಳಿ. ತಂಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಅಲ್ಲಿನ ನರ್ಸು ನನ್ನ ಮುಂದೆ ಬಾಟಲಿ ಹಿಡಿದು, ಆ ಕೊನೆಯಲ್ಲಿ ಲ್ಯಾಬಿದೆ, ಕೊಟ್ಟು ಬನ್ನಿ, ಮುಚ್ಚಳ ತೆಗೆಯಬೇಡಿ ಅಂದರು.

ನನಗೆ ಕೈ ಚಾಚಲು ಆಗಲಿಲ್ಲ. ನರ್ಸು ಮತ್ತೆ ಹೇಳಿದರು. ನಾನು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತೆ. ಅವರಿಗೆ ಹೊತ್ತಿರಲಿಲ್ಲ, ಬಾಟಲಿಯನ್ನು ಬೆಂಚಿನ ಮೇಲೆ ತಂಗಿಯ ಪಕ್ಕ ಇಟ್ಟು ಒಳಗೆ ಹೋದರು.

ತಂಗಿ ಕೇಳಿದಳು: "ಯಾಕಕ್ಕ, ಏನಾಯ್ತು?"

ಬೆಂಚಿನ ಮೇಲೆ, ಬಾಟಲಿಯ ಈ ಕಡೆ ಕೂತು ಹೇಳಿದೆ. ಜಗಲಿಯಿಂದ ಶುರು ಮಾಡಿ ಎಲ್ಲ ಹೇಳಿದೆ. ಟಿಕೆಟ್ಟಿನ ತಮಾಷೆ, ನಾನು ನಕ್ಕಿದ್ದು, ಬೇಸಿನ್ನು, ಫಿಲ್ಟರ್ ನೀರು, ಲ್ಯಾಬಿನ ಹುಡುಗಿಗೆ ಇಲ್ಲ ಅಂದದ್ದು, ಡಾಕ್ಟರಿಗೆ ತಲೆ ಅಲ್ಲಾಡಿಸಿದ್ದು, ಆ ನರ್ಸು ನನ್ನನ್ನು ನೋಡಿದ್ದು. ಅವಳು ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು ಕೇಳಿಸಿಕೊಂಡಳು.

ಆಮೇಲೆ ಒಂದೇ ಪ್ರಶ್ನೆ ಕೇಳಿದಳು. "ಡಾಕ್ಟರು ಕೇಳಿದಾಗ್ಲೇ ನಿಂಗೆ ಗೊತ್ತಾಗಿತ್ತಾ?"

ಗೊತ್ತಾಗಿತ್ತು ಅಂದೆ.

"ಅಮ್ಮಂಗೆ ಹೇಳ್ಬೇಡ. ತಾನು ನೋಡ್ಬೇಕು ಅಂದಿದ್ದಕ್ಕೇ ಹಿಂಗಾಯ್ತು ಅಂತ ಸತ್ತೋಗ್ತಾಳೆ."

ಅಷ್ಟು ಹೇಳಿ ಬಾಟಲಿ ಎತ್ತಿಕೊಂಡು ಎದ್ದಳು. ಎದ್ದಾಗ ಒಂದು ಸಲ ತೂರಾಡಿ ಗೋಡೆ ಹಿಡಿದಳು. ನಾನು ಹಿಡಿಯಲು ಹೋದೆ. ಮುಟ್ಟಬೇಡ ಅಂತ ಬಾಯಲ್ಲಿ ಹೇಳಲಿಲ್ಲ, ಬಾಟಲಿ ಇದ್ದ ಕೈಯನ್ನು ಇನ್ನೊಂದು ಕಡೆಗೆ ಸರಿಸಿಕೊಂಡಳು. ಆಸ್ಪತ್ರೆಯ ಹಸಿರು ಗೌನಿನಲ್ಲಿ, ಬರಿಗಾಲಲ್ಲಿ, ಗೋಡೆ ಹಿಡಿದುಕೊಂಡು ಆ ಕೊನೆಯವರೆಗೂ ಒಬ್ಬಳೇ ಹೋದಳು. ನೂರು ಹೆಜ್ಜೆ ಇರಬಹುದು. ಮೂರು ಕಡೆ ನಿಂತಳು. ನಾನು ಬೆಂಚಿನ ಹತ್ತಿರವೇ ನಿಂತಿದ್ದೆ.

ಆ ಚೂರಿನಲ್ಲಿ ಕ್ರಿಮಿ ಬೆಳೆಯಿತು, ಹಳೆಯದೇ. ಅದಕ್ಕೆ ನಾಟುವ ಔಷಧಿ ಕೊಟ್ಟರು, ಜ್ವರ ಇಳಿಯಿತು. ಕಿಡ್ನಿ ಮೊದಲು ಹೇಗಿತ್ತೋ ಹಾಗೇ ಇದೆ, ಅಂದರೆ ಇಲ್ಲ. ಡಯಾಲಿಸಿಸ್ ಆದ ದಿನ ಅವಳ ತುಟಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇನ್ನೆಷ್ಟು ವರ್ಷ ಅಂತ ಕೇಳಿದರೆ ಡಾಕ್ಟರು ಬೇರೆ ಮಾತು ತೆಗೆಯುತ್ತಾರೆ.

ಚಿಂತಾಮಣಿಯ ಆ ಆಸ್ಪತ್ರೆಗೆ ಹೋಗಿ ನರ್ಸಿನ ವಿಷಯ ವಿಚಾರಿಸಿದೆ. ಈಗಿರುವವರೆಲ್ಲ ಹೊಸಬರು. ಯಾರು, ಯಾವಾಗ ಇದ್ದದ್ದು ಅಂತ ನನ್ನನ್ನೇ ಕೇಳಿದರು. ಡಾಕ್ಟರು ಅಲ್ಲಿಗೆ ಬರುವುದನ್ನು ಬಿಟ್ಟಿದ್ದಾರೆ. ಅವರಿಬ್ಬರಿಗೆ ಹೇಳಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ, ಅವರ ಕಣ್ಣಿಗೆ ಬೀಳುತ್ತದೆ ಅಂತ ನಂಬಿಕೆಯಿಲ್ಲ. ಅಮ್ಮನಿಗೆ ಓದಲು ಬರುವುದಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂತು.

ಹುಳುಮನೆಯ ಕೆಲಸ ನಡೆಯುತ್ತಿದೆ. ಬೇಸಿನ್ನಿಗೆ ದಿನವೂ ಹೊಸ ನೀರು ಕಲಸುತ್ತೇನೆ. ಕಲಸದಿದ್ದರೆ ಹುಳು ಉಳಿಯುವುದಿಲ್ಲ, ಹುಳು ಹೋದರೆ ಅವಳ ಔಷಧಿ ಇಲ್ಲ. ಆ ವಾಸನೆ ಮೂಗಿಗೆ ಬಂದಾಗಲೆಲ್ಲ ಬೆರಳಿನ ನಡುವೆ ಆ ಕಲ್ಲು ಇದ್ದ ಹಾಗೆ ಆಗುತ್ತದೆ.

ತಂಗಿ ನನ್ನ ಜೊತೆ ಮಾತು ಬಿಟ್ಟಿಲ್ಲ. ಊಟಕ್ಕೆ ಕರೆದರೆ ಬರುತ್ತಾಳೆ, ಸೊಪ್ಪು ಬಂತಾ ಅಂತ ಕೇಳುತ್ತಾಳೆ, ಅಮ್ಮನ ಮುಂದೆ ನಗುತ್ತಾಳೆ. ತನ್ನ ತಟ್ಟೆ ಲೋಟ ಮಾತ್ರ ತಾನೇ ತೊಳೆದುಕೊಳ್ಳುತ್ತಾಳೆ. ಡಯಾಲಿಸಿಸ್ಸಿಗೆ ಹೊರಟಾಗ, ಅಕ್ಕ, ನಿಂಗೆ ಯಾಕೆ ಕಷ್ಟ, ನಾನೊಬ್ಳೇ ಹೋಗ್ತೀನಿ ಅಂತ ಒಂದೆರಡು ಸಲ ಅಂದಳು. ನಾನು ಬಿಡದೆ ಹೋಗುತ್ತೇನೆ. ಬಸ್ಸು ಬರುತ್ತದೆ. ಕಂಡಕ್ಟರ್ ಮೇಡಂ ಬನ್ನಿ ಅನ್ನುತ್ತಾರೆ. ಅವಳು ಮುಂದಿನ ಸೀಟಿನಲ್ಲಿ ಕಿಟಕಿಯ ಕಡೆ ಕೂತು, ಒಂದು ಬೆರಳೆತ್ತಿ, "ಒಂದು ಚಿಕ್ಕಬಳ್ಳಾಪುರ" ಅನ್ನುತ್ತಾಳೆ. ಕಂಡಕ್ಟರ್ ನನ್ನ ಕಡೆ ತಿರುಗಿ, ನಿಮಗೆ ಎಲ್ಲಿಗಮ್ಮ ಅಂತ ಕೇಳುತ್ತಾರೆ.